ತೋಳಬಳೆಯ ಕೆಳಗಿನ ಅಂಕಿ

ಹನುಮವ್ವನ ಎಡ ಹೆಗಲು ಬಲ ಹೆಗಲಿಗಿಂತ ಒಂದು ಬೆರಳು ಕೆಳಗಿತ್ತು. ಬಿ.ಪಿ. ನೋಡುವ ಪೆಟ್ಟಿಗೆಯನ್ನು ಒಂದೇ ಹೆಗಲಿಗೆ ತೂಗುಹಾಕಿಕೊಂಡು ವಾಸ್ಕೋದ ಗುಡ್ಡದ ಓಣಿಗಳನ್ನು ವರ್ಷಗಟ್ಟಲೆ ಹತ್ತಿ ಇಳಿದವಳ ಹೆಗಲು ಮತ್ತೆ ಹೇಗಿರಬೇಕು? ಹೆರಿಗೆಗೆ ಬಂದ ಹೆಂಗಸರು ನರಳುತ್ತಲೇ ಅವಳ ಬೈಗುಳ ಕೇಳುತ್ತಿದ್ದರು, ಹೆತ್ತ ಮೇಲೆ ಮಗಳಿಗೆ ಅವಳ ಹೆಸರನ್ನೇ ಇಡುತ್ತೇವೆ ಅನ್ನುತ್ತಿದ್ದರು. "ನನ್ನ ಹೆಸರ ಇಟ್ಟು ಕೂಸಿನ ಬಾಳೇವು ಹಾಳ ಮಾಡಬ್ಯಾಡ್ರಿ," ಎಂದು ಅವಳು ಅದಕ್ಕೂ ಬೈಯುತ್ತಿದ್ದಳು.

ರೋಣದ ಕಡೆಯ ಹಳ್ಳಿಯವಳು. ಹತ್ತನೆಯ ತರಗತಿ ಮುಗಿಸಿ, ಹುಬ್ಬಳ್ಳಿಯಲ್ಲಿ ಹೆರಿಗೆ ನರ್ಸಿನ ತರಬೇತಿ ಪಡೆದು, ಬಂದರಿನಲ್ಲಿ ಕೆಲಸಕ್ಕಿದ್ದ ಯಮನೂರಪ್ಪನನ್ನು ಮದುವೆಯಾಗಿ ಗೋವೆಗೆ ಬಂದಳು. ಇಲ್ಲಿ ಬಂದು ಕೊಂಕಣಿ ಕಲಿತಳು. ಅದೂ ಮೀನು ಮಾರುವ ಹೆಂಗಸರ ಬಾಯಿಂದ ಕಲಿತ ಕೊಂಕಣಿ, ಜಗಳಕ್ಕೆ ಬಹಳ ಅನುಕೂಲ. ಗುಡ್ಡದ ಕೆಳಗೆ ಎರಡು ಕೋಣೆಯ ಹೆಂಚಿನ ಮನೆಯಲ್ಲಿ ಒಂದು ಆರೋಗ್ಯ ಉಪಕೇಂದ್ರ ಇತ್ತು. ಬುಧವಾರ ಡಾಕ್ಟರಬಾಯಿ ಬರುತ್ತಿದ್ದರು. ಉಳಿದ ಆರು ದಿನ ಅಲ್ಲಿ ಹನುಮವ್ವನದೇ ರಾಜ್ಯಭಾರ. ಸುತ್ತಲಿನ ಗುಡಿಸಲುಗಳಲ್ಲಿ ಗದಗ, ಬಾಗಲಕೋಟೆ, ವಿಜಾಪುರದ ಕಡೆಯಿಂದ ಕೂಲಿಗೆ ಬಂದವರೇ ತುಂಬಿದ್ದರಿಂದ, ಕನ್ನಡ ಬಲ್ಲ ನರ್ಸ್ ಎಂದರೆ ಅವರಿಗೆ ತವರಿನವಳೇ ಸಿಕ್ಕ ಹಾಗೆ ಆಗಿತ್ತು.

ಬಸುರಿಯರ ಬಿ.ಪಿ. ಏರುವ ವಿಷಯದಲ್ಲಿ ಹನುಮವ್ವನ ಕಣ್ಣು ತಪ್ಪುವುದಿಲ್ಲ ಎಂದು ಡಾಕ್ಟರಬಾಯಿಯೇ ಹೊಸ ನರ್ಸುಗಳಿಗೆ ಹೇಳುತ್ತಿದ್ದರು. ಹೊಸಬರು ಕೈ ಜೋಡಿಸಿ ನಿಲ್ಲುತ್ತಿದ್ದರು. ಅಂಥವರನ್ನು ಹನುಮವ್ವ ಕೂರಿಸಿಕೊಂಡು, ಆ ವಿದ್ಯೆ ತನಗೆ ಎಲ್ಲಿಂದ ಬಂತು ಅನ್ನುವುದನ್ನು ಒಂದೂ ಬಿಡದೆ ಹೇಳುತ್ತಿದ್ದಳು. ಅದು ತರಬೇತಿಯಲ್ಲಿ ಬಂದದ್ದಲ್ಲ. ಅವಳೇ ಬರೆದ ಒಂದು ಸುಳ್ಳಿನಿಂದ ಬಂದದ್ದು.

ಎಂಬತ್ತೇಳನೆಯ ಇಸವಿ, ಮಳೆಗಾಲ ಮುಗಿದು ಬೀಚಿಗೆ ಪರದೇಶದ ಜನ ಬರಲು ಶುರುವಾದ ದಿನಗಳು. ಗುಡ್ಡದ ಹಿಂದೆ ಹತ್ತು ಹನ್ನೆರಡು ಲಮಾಣಿ ಕುಟುಂಬಗಳು ತಾಡಪತ್ರಿ ಹೊದಿಸಿದ ಗುಡಿಸಲು ಹಾಕಿಕೊಂಡಿದ್ದವು. ಗಂಡಸರು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಹೆಂಗಸರು ಕನ್ನಡಿ ಚೂರು ಹಚ್ಚಿ ಕಸೂತಿ ಹಾಕಿದ ಚೀಲ, ಹೊದಿಕೆ, ಮಣಿಸರಗಳನ್ನು ಬೀಚಿಗೆ ಒಯ್ದು ಮಾರುತ್ತಿದ್ದರು. ಅವರಿಗೆಲ್ಲ ಹಿರಿಯಳು ಧಾಮಿಬಾಯಿ. ಅಕ್ಷರ ಗೊತ್ತಿಲ್ಲ, ಆದರೆ ನಾಲ್ಕು ದೇಶದ ಭಾಷೆಯಲ್ಲಿ ಚೌಕಾಸಿ ಮಾಡಬಲ್ಲವಳು. ಅವಳ ಮಾತು ಮೀರಿ ಆ ಗುಡಿಸಲುಗಳಲ್ಲಿ ಒಲೆಯೂ ಹೊತ್ತುತ್ತಿರಲಿಲ್ಲ. ಎಲ್ಲರೂ ಅವಳನ್ನು ಲಮಾಣಿ ಮಾತಿನಲ್ಲಿ 'ಯಾಡಿ' ಅನ್ನುತ್ತಿದ್ದರು, ಅಂದರೆ ತಾಯಿ. ಹನುಮವ್ವನೂ ಹಾಗೇ ಕರೆಯುತ್ತಿದ್ದಳು.

ಧಾಮಿಬಾಯಿಯ ಮಗಳು ಭೂರಿಬಾಯಿ ಚೊಚ್ಚಲ ಬಸುರಿ, ಎಂಟು ತುಂಬುತ್ತ ಬಂದಿತ್ತು. ಹನುಮವ್ವ ಪೆಟ್ಟಿಗೆ ಹೊತ್ತು ಅವರ ಗುಡಿಸಲಿಗೆ ಹೋದಳು. ಹುಡುಗಿಯ ಮುಖ ದುಂಡಗೆ ಊದಿಕೊಂಡಿತ್ತು, ಪಾದದಲ್ಲಿ ಬಾವು ಇತ್ತು.

"ಮೈ ತುಂಬೇತಿ ನೋಡ ನರ್ಸಬಾಯಿ. ಗಂಡ ಕೂಸ ಬರತೈತಿ," ಎಂದು ಧಾಮಿಬಾಯಿ ನಕ್ಕಳು.

ಹನುಮವ್ವ ಪೆಟ್ಟಿಗೆ ತೆರೆದು, ಗಾಳಿ ತುಂಬುವ ಪಟ್ಟಿಯನ್ನು ಬಿಚ್ಚಿ ಹುಡುಗಿಯ ತೋಳು ಹಿಡಿದಳು. ಹಿಡಿದಲ್ಲೇ ಅವಳ ಕೈ ನಿಂತಿತು. ಲಮಾಣಿ ಮುತ್ತೈದೆಯ ತೋಳು ನೋಡಿದವರಿಗೆ ಗೊತ್ತು. ಮಣಿಕಟ್ಟಿನಿಂದ ಮೊಳಕೈವರೆಗೆ ಬಳೆ, ಮೊಳಕೈಯಿಂದ ಹೆಗಲವರೆಗೆ ಮತ್ತೆ ಬಿಳಿಯ ಅಗಲ ಬಳೆಗಳ ಸಾಲು. ಮೇಲಿನ ಈ ತೋಳಬಳೆಯನ್ನು ಮದುವೆಯಲ್ಲಿ ತೊಡಿಸುತ್ತಾರೆ. ಗಂಡ ಸತ್ತ ದಿನ ತೆಗೆಯುತ್ತಾರೆ. ನಡುವೆ ಅದನ್ನು ತೆಗೆಯಲು ಇನ್ನೊಂದು ದಿನವೇ ಇಲ್ಲ. ಬಿ.ಪಿ. ಪಟ್ಟಿ ಸುತ್ತಬೇಕಾದದ್ದು ಸರಿಯಾಗಿ ಅದೇ ಜಾಗಕ್ಕೆ.

ಗೋವೆಯ ಬೇರೆ ಯಾವ ನರ್ಸ್ ಆಗಿದ್ದರೂ "ಬಳೆ ತೆಗಿ" ಎಂದು ಒಂದೇ ಮಾತಿನಲ್ಲಿ ಗದರುತ್ತಿದ್ದಳು. ಅವಳಿಗೆ ಅದರ ಅರ್ಥವೇ ಗೊತ್ತಿರುತ್ತಿರಲಿಲ್ಲ. ಹನುಮವ್ವನಿಗೆ ಗೊತ್ತಿತ್ತು, ಕೆಟ್ಟದ್ದಾದದ್ದು ಅದೇ. ಅವಳ ಊರಿನ ಪಕ್ಕದಲ್ಲೇ ಲಮಾಣಿಗಳ ಕೇರಿ, ತಾಂಡಾ, ಇತ್ತು. ಗಂಡ ಸತ್ತ ಲಮಾಣಿ ಹೆಂಗಸಿನ ತೋಳಬಳೆ ತೆಗೆಯುವಾಗಿನ ಅಳುವನ್ನು ಅವಳು ಸಣ್ಣವಳಿದ್ದಾಗ ಬೇಲಿಯ ಆಚೆ ನಿಂತು ಕೇಳಿದ್ದಳು. ಬಳೆ ತೆಗೆ ಎಂದರೆ ಈ ಹುಡುಗಿಯ ಗಂಡನ ಸಾವು ಬಯಸಿದ ಹಾಗೆ ಆಗುತ್ತದೆ. ಒಮ್ಮೆ ಹಾಗೆಂದರೆ ಮತ್ತೆ ಈ ಗುಡಿಸಲುಗಳ ಬಾಗಿಲು ತೆರೆಯುವುದಿಲ್ಲ ಅನ್ನಿಸಿತು. ಮುಂಗೈಯಲ್ಲೂ ಪಟ್ಟಿ ಸುತ್ತಲು ಬಳೆಯಿಲ್ಲದ ಜಾಗವಿರಲಿಲ್ಲ. ಮೂತ್ರ ಪರೀಕ್ಷೆಗೆ ಒಂದು ಸೀಸೆ ಕೊಟ್ಟಳು. ಭೂರಿಬಾಯಿ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನಾಳಿ ಕೊಡ್ತೇನ್ರಿ," ಅಂದಳು.

ಆಗ ಹನುಮವ್ವ ಏನು ಮಾಡಿದಳು ಅಂದರೆ, ಪಟ್ಟಿಯನ್ನು ಬಳೆಗಳ ಮೇಲೆಯೇ ಸುತ್ತಿದಳು. ಪುಸ್ ಪುಸ್ ಎಂದು ಗಾಳಿ ತುಂಬಿದಳು. ಪಾದರಸ ಏರಿತು, ಇಳಿಯಿತು. ಬಳೆಗಳ ಗೂಡಿನೊಳಗೆ ತೋಳು ಬೆಚ್ಚಗೆ ಕೂತಿತ್ತು, ಅದಕ್ಕೆ ಒತ್ತಡವೇ ತಾಗಲಿಲ್ಲ. ಅವಳ ಕಿವಿಗೆ ಒಂದು ಸದ್ದೂ ಕೇಳಲಿಲ್ಲ.

"ಹೆಂಗೈತಿ?" ಎಂದು ಧಾಮಿಬಾಯಿ ಕೇಳಿದಳು.

"ಚಲೋ ಐತ್ರಿ ಯಾಡಿ," ಅಂದಳು ಹನುಮವ್ವ.

ಉಪಕೇಂದ್ರಕ್ಕೆ ಬಂದು ರಿಜಿಸ್ಟರಿನಲ್ಲಿ ಭೂರಿಬಾಯಿಯ ಹೆಸರಿನ ಮುಂದೆ 120/80 ಎಂದು ಬರೆದಳು. ಅಂಕಣ ಖಾಲಿ ಬಿಟ್ಟರೆ ಬುಧವಾರ ಡಾಕ್ಟರಬಾಯಿ ಕೇಳುತ್ತಾರೆ. ಬಳೆ ತೆಗೆಸುವ ಧೈರ್ಯ ಇರಲಿಲ್ಲ ಎಂದು ಅವರ ಮುಂದೆ ಯಾವ ಬಾಯಿಂದ ಹೇಳುವುದು? ನಾಳೆ ಹೋಗಿ ಸರಿಯಾಗಿ ನೋಡಿದರಾಯಿತು, ಅಂದುಕೊಂಡಳು. ನಾಳೆ ಲಸಿಕೆ ಹಾಕುವ ದಿನವಾಯಿತು. ನಾಡಿದ್ದು ಮತ್ತೇನೋ. ಹೀಗೆ ಒಂಬತ್ತು ದಿನ ಹೋದವು. ಅಯ್ಯೋ, ಒಂಬತ್ತು ದಿನ!

ಹತ್ತನೆಯ ದಿನ ಅಮಾವಾಸ್ಯೆ. ಭೂರಿಬಾಯಿ ತಲೆನೋವು ಎಂದು ಮಲಗಿದ್ದಳು. ಅವತ್ತು ದೊಡ್ಡ ಬಸ್ಸುಗಳಲ್ಲಿ ಪ್ರವಾಸಿಗಳು ಬರುತ್ತಾರೆ ಎಂದು ಸುದ್ದಿ ಇತ್ತು. "ಎದ್ದು ಬಾ, ಗಾಳಿಗೆ ಕುಂತ್ರ ಹಗುರಾಗತೈತಿ," ಎಂದು ಧಾಮಿಬಾಯಿಯೇ ಎಬ್ಬಿಸಿ ಬೀಚಿಗೆ ಕರೆದುಕೊಂಡು ಹೋದಳು. ನಡುಮಧ್ಯಾಹ್ನ ಭೂರಿಬಾಯಿ ಕಣ್ಣು ಉಜ್ಜಿಕೊಳ್ಳುತ್ತ, "ಯಾಡಿ, ಕಣ್ಣ ಮುಂದ ಕನ್ನಡಿ ಹೊಳದಂಗ ಆಗಾಕತ್ತೇತಿ," ಅಂದಳು. ಸುತ್ತಲಿದ್ದವರು ನಕ್ಕರು. ತೊಡೆಯ ಮೇಲೆ ಕನ್ನಡಿ ಹಚ್ಚಿದ ಹೊದಿಕೆ ಹರವಿಕೊಂಡು, ನೆತ್ತಿಯ ಮೇಲೆ ಬಿಸಿಲಿಟ್ಟುಕೊಂಡು ಕೂತವಳ ಕಣ್ಣಿಗೆ ಕನ್ನಡಿ ಹೊಳೆಯದೆ ಇನ್ನೇನು ಹೊಳೆಯಬೇಕು? ಸ್ವಲ್ಪ ಹೊತ್ತಿಗೆ ಹುಡುಗಿ ಮರಳಿನ ಮೇಲೆ ಉರುಳಿ ಸೆಟೆದುಕೊಂಡಳು. ಕೈಯಲ್ಲಿ ಕಬ್ಬಿಣದ ಕೀಲಿಕೈ ಹಿಡಿಸಿದರು. ಮೂಗಿಗೆ ಉಳ್ಳಾಗಡ್ಡಿ ಒಡೆದು ಹಿಡಿದರು. ಸಮುದ್ರದ ಗಾಳಿ ಹಿಡಿಯಿತು ಎಂದು ಉಪ್ಪು ನಿವಾಳಿಸಿ ಇಳಿ ತೆಗೆದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೂರನೆಯ ಸಲ ಫಿಟ್ಸ್ ಬಂದಿತ್ತು. ತಾಯಿ ಉಳಿಯಲಿಲ್ಲ, ಹೊಟ್ಟೆಯೊಳಗಿನ ಕೂಸೂ ಉಳಿಯಲಿಲ್ಲ.

ಹನುಮವ್ವ ಓಡಿ ಹೋದಾಗ ಗುಡಿಸಲಿನ ಮುಂದೆ ಹೆಂಗಸರು ದನಿ ತೆಗೆದು ಅಳುತ್ತಿದ್ದರು. ಧಾಮಿಬಾಯಿ ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದ ಮಾತು ಸಾಯುವವರೆಗೆ ಮರೆಯುವಂಥದ್ದಲ್ಲ.

"ನೀನು ಪಟ್ಟಿ ಕಟ್ಟಿ ನೋಡಿ ಚಲೋ ಐತಿ ಅಂದಿದ್ದಿ. ರೋಗ ಇರಲಿಲ್ಲ ನನ್ನ ಮಗಳಿಗೆ. ಅಮಾಸಿ ದಿನ ಸಮುದ್ರಕ್ಕ ಎಳಕೊಂಡ ಹೋದೆ. ನಾನs ಕೊಂದೆ ಅಕಿನ್ನ, ನರ್ಸಬಾಯಿ, ನಾನs ಕೊಂದೆ."

ಹೇಳಬೇಕಾದ ಮಾತು ಹನುಮವ್ವನ ಗಂಟಲಿಗೆ ಬಂದಿತ್ತು. ಬಿಸಿ ತುಪ್ಪದ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ನಿಂತಳು. ಕೊನೆಗೆ ನುಂಗಿದಳು. ಮನೆಗೆ ಬಂದು ಯಮನೂರಪ್ಪನ ಮುಂದೆ ಹೇಳಿ ಅತ್ತಳು. ಅವನು ಒಳ್ಳೆಯವನೇ, ಆದರೆ ಅಂಜುಬುರುಕ. "ಹೋದಾಕಿ ಹೋದ್ಲು. ಈಗ ಬಾಯಿ ಬಿಟ್ರ ನೌಕರಿ ಹೋಗತೈತಿ, ಅಕಿ ತಿರಗಿ ಬರತಾಳೇನು? ಸುಮ್ನಿರು," ಅಂದ. ಅವಳು ಸುಮ್ಮನಾದಳು.

ಸುಮ್ಮನಾದದ್ದು ಬಾಯಿ ಮಾತ್ರ. ಅಲ್ಲಿಂದ ಮುಂದೆ ಹನುಮವ್ವನಿಗೆ ಬಸುರಿ ಎಂದರೆ ಸಾಕು, ಕಣ್ಣು ಮೊದಲು ಮುಖ, ಬೆರಳು, ಬಳೆಗಳಿಗೇ ಹೋಗುತ್ತಿತ್ತು. ಡಾಕ್ಟರಬಾಯಿಯನ್ನು ಕಾಡಿ ಬೇಡಿ ಅವರ ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿಸಿಕೊಂಡಳು. ಸಂಜೆಗೆ ಕಾಲು ಬಾತು ಬೆಳಿಗ್ಗೆ ಇಳಿದರೆ ಅಷ್ಟು ಹೆದರಬೇಕಿಲ್ಲ, ಬೆಳಿಗ್ಗೆ ಎದ್ದಾಗಲೇ ಮುಖ ಬಾತಿದ್ದರೆ ಬಿಡಬಾರದು. ಒಂದೇ ಸಮನೆ ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಕಿಡಿ ಹಾರಿದ ಹಾಗೆ ಆಗುವುದು, ಎದೆಗುಳಿಯ ಕೆಳಗೆ ಹಿಂಡುವುದು, ಇವನ್ನು ಪಿತ್ತ ಎಂದು ತಳ್ಳಿ ಹಾಕಬಾರದು. ಪುಸ್ತಕದಲ್ಲಿ ಇಲ್ಲದ್ದೊಂದನ್ನು ಅವಳೇ ಕಂಡುಕೊಂಡಳು. ಸೀಮಂತದ ಕುಬಸ ಮಾಡಿದ ದಿನ ತೊಡಿಸಿದ ಹಸಿರು ಬಳೆ ತಿಂಗಳು ಕಳೆದ ಮೇಲೂ ಕೈಯಲ್ಲಿ ಸಲೀಸಾಗಿ ತಿರುಗಬೇಕು. ತಿರುಗದೆ ಚರ್ಮ ಕಚ್ಚಿ ಕೂತಿದ್ದರೆ ಅವಳನ್ನು ಅವತ್ತೇ ಉಪಕೇಂದ್ರಕ್ಕೆ ಕರೆಸಬೇಕು. ಓಣಿಯ ಅತ್ತೆಯರಿಗೆಲ್ಲ ಇದನ್ನು ಕಲಿಸಿದಳು. "ಸೊಸಿ ಕೈಯಾನ ಬಳಿ ದಿನಾ ತಿರವಿ ನೋಡ್ರಿ, ಅಕಿ ಮಾಡಿದ ರೊಟ್ಟಿ ತಿರವಿ ತಿರವಿ ನೋಡ್ತೀರಲ್ಲ ಹಂಗ," ಎಂದು ಚುಚ್ಚುತ್ತಿದ್ದಳು. ಆದರೆ ಬಳೆ ಸುಳಿವು ಕೊಡುತ್ತದೆ ಅಷ್ಟೇ. ಖಾತ್ರಿ ಮಾಡಿಕೊಳ್ಳಲು ಪಾದರಸವೇ ಬೇಕು ಅನ್ನುವುದೂ ಅವಳಿಗೆ ಗೊತ್ತಿತ್ತು. ಲಮಾಣಿ ಗುಡಿಸಲುಗಳಿಗೆ ಮಾತ್ರ ಪೆಟ್ಟಿಗೆ ಒಯ್ಯಲು ಅವಳಿಗೆ ಮುಖವಿರಲಿಲ್ಲ. ಅಲ್ಲಿಯ ಬಸುರಿಯರೂ ಏಳನೆಯ ತಿಂಗಳಿಗೆಲ್ಲ ಊರ ಕಡೆಯ ತಮ್ಮ ತಾಂಡಾಕ್ಕೆ ಹೋಗಿಬಿಡುತ್ತಿದ್ದರು. ಸಮುದ್ರದ ಹತ್ತಿರ ಯಾರೂ ಹೆರಬಾರದು ಎಂದು ಧಾಮಿಬಾಯಿ ಕಟ್ಟು ಮಾಡಿದ್ದಳು.

ತೊಂಬತ್ತೊಂದರ ಡಿಸೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಧಾಮಿಬಾಯಿಯ ಮಗ ಗೋಪಪ್ಪ ಉಪಕೇಂದ್ರಕ್ಕೆ ಬಂದ. ಕಟ್ಟಡಗಳಲ್ಲಿ ಸರಳು ಕತ್ತರಿಸಿ ಕಟ್ಟುವ ಕೆಲಸ ಅವನದು.

"ಅಕ್ಕಾರ, ತಲಿನೋವಿನ ಗುಳಿಗಿ ಇದ್ರ ಕೊಡ್ರಿ. ನನ್ನ ಹೇಣ್ತಿಗೆ ಎರಡ ದಿನಾತು ತಲಿ ಸಿಡಿಯಾಕತ್ತೇತಿ."

"ಬಸರದಾಳಲ್ಲೋ ಸೋನಿಬಾಯಿ? ಎಷ್ಟರಾಗ?"

"ಎಂಟರಾಗ ಬಿದ್ದೇತ್ರಿ. ಚೀಲದ ಆರ್ಡರ್ ಇತ್ತು, ಅದಕ್ಕ ಊರಿಗೆ ಹೋಗೂದು ತಡಾ ಆತು. ಇವತ್ತ ಹುಬ್ಬಳ್ಳಿ ಬಸ್ಸಿಗೆ ಹೊಂಟೇವಿ."

ಹನುಮವ್ವ ಗುಳಿಗೆ ಕೊಡಲಿಲ್ಲ. ಪೆಟ್ಟಿಗೆ ಹೆಗಲಿಗೆ ಹಾಕಿ, ಚೀಲದಲ್ಲಿ ಮೂತ್ರ ಪರೀಕ್ಷೆಯ ಸ್ಪಿರಿಟ್ ದೀಪ, ಗಾಜಿನ ನಳಿಗೆ, ಆಸಿಡ್ ಸೀಸೆ ಇಟ್ಟುಕೊಂಡು ಅವನ ಹಿಂದೆ ಹೊರಟಳು.

ಗುಡಿಸಲಿನಲ್ಲಿ ಗಂಟು ಕಟ್ಟಿ ಇಟ್ಟಿದ್ದರು. ಸೋನಿಬಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ. ರೆಪ್ಪೆಗಳು ನೀರು ತುಂಬಿದ ಹಾಗೆ ಊದಿದ್ದವು. ಹನುಮವ್ವ ಅವಳ ಮುಂಗೈ ಬಳೆಯೊಂದನ್ನು ಹಿಡಿದು ತಿರುಗಿಸಿದಳು. ತಿರುಗಲಿಲ್ಲ. ಇನ್ನೊಂದನ್ನು ನೋಡಿದಳು. ಅದೂ ಅಲ್ಲಾಡಲಿಲ್ಲ. ಈ ಸಲ ನಾಚಿಕೆ ಗೀಚಿಕೆ ಕೇಳಲಿಲ್ಲ, ತಾನೇ ಎಬ್ಬಿಸಿ ಹಿಂದಕ್ಕೆ ಕರೆದುಕೊಂಡು ಹೋಗಿ ಮೂತ್ರ ತಂದಳು. ನಳಿಗೆಯನ್ನು ದೀಪದ ಮೇಲೆ ಹಿಡಿದಾಗ ಮೇಲಿನ ಅರ್ಧ ತತ್ತಿಯ ಬಿಳಿ ಬೆಂದ ಹಾಗೆ ಬೆಳ್ಳಗಾಯಿತು. ಆಸಿಡ್ ಹನಿ ಹಾಕಿದರೂ ತಿಳಿಯಾಗಲಿಲ್ಲ. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು, ಬಸುರಿಗೆ ಬಿ.ಪಿ. ಏರಿ ಅಪಾಯ ಹತ್ತಿರವಾದದ್ದರ ಗುರುತು ಅದು.

"ಯಾಡಿ, ಇಕಿ ಬಸ್ಸ ಹತ್ತಬಾರದ್ರಿ. ದವಾಖಾನಿಗೆ ಒಯ್ಯಬೇಕು. ಮೊದಲ ಬಿ.ಪಿ. ನೋಡ್ತೇನಿ, ತ್ವಾಳಬಳಿ ತಗೀರಿ."

ಧಾಮಿಬಾಯಿಯ ಮುಖ ಕೆಂಪಾಯಿತು. "ಏನಂದಿ? ಮುತ್ತೈದಿ ತ್ವಾಳಬಳಿ ತಗೀಬೇಕಾ? ನನ್ನ ಮಗ ನಿನ್ನ ಎದುರಿಗೆ ಕಲ್ಲಗುಂಡಿನಂಗ ನಿಂತಾನ, ಕಾಣಸೂದಿಲ್ಲೇನು?"

"ಬಳಿ ಮ್ಯಾಲ ಪಟ್ಟಿ ಸುತ್ತಿದ್ರ ತಿಳಿಯೂದಿಲ್ರಿ."

"ಯಾಕ ತಿಳಿಯೂದಿಲ್ಲ? ಭೂರಿಗೆ ಬಳಿ ಮ್ಯಾಲನs ಸುತ್ತಿ ನೋಡಿದ್ದಿ! ಚಲೋ ಐತಿ ಅಂತ ಈ ಬಾಯಿಲೆ ಹೇಳಿದ್ದಿ! ಅವತ್ತ ತಿಳದಿದ್ದು ಇವತ್ತ ಯಾಕ ತಿಳಿಯೂದಿಲ್ಲ?"

ಅಷ್ಟರಲ್ಲಿ ಸೋನಿಬಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಸಣ್ಣ ದನಿಯಲ್ಲಿ ಹೇಳಿದಳು: "ಯಾಡಿ, ಕನ್ನಡಿ ಹೊಳದಂಗ ಆಗಾಕತ್ತೇತಿ."

ಗುಡಿಸಲಿನೊಳಗೆ ಬಿಸಿಲಿರಲಿಲ್ಲ. ಕನ್ನಡಿ ಚೂರುಗಳೆಲ್ಲ ಗಂಟಿನೊಳಗೆ ಇದ್ದವು. ಧಾಮಿಬಾಯಿ ಸೊಸೆಯನ್ನು ತಬ್ಬಿ ಹಿಡಿದಳು. "ಗೋಪ್ಯಾ, ಗಂಟ ಎತ್ತೋ! ಮತ್ತ ಬಂತು ಅದು. ಭೂರಿನ್ನ ತಿಂದಿದ್ದು ಇಕಿನ್ನೂ ತಿನ್ನಾಕ ಬಂತು. ಮೊಲೆಂ ದಾಟಿ ಘಟ್ಟ ಹತ್ತಿದ್ರ ಸಮುದ್ರದ ಕೈ ಅಲ್ಲಿಗೆ ಮುಟ್ಟೂದಿಲ್ಲ. ನಡೀರಿ, ಈಗ ನಡೀರಿ!"

ಗೋಪಪ್ಪ ಗಂಟಿಗೆ ಕೈ ಹಾಕಿದ. ಘಟ್ಟದ ತಿರುವುಗಳಲ್ಲಿ ಆರೇಳು ತಾಸು ಕುಲುಕುವ ಬಸ್ಸು. ಅದರಲ್ಲಿ ಈ ಹುಡುಗಿಗೆ ಫಿಟ್ಸ್ ಬಂದರೆ ಏನಾಗುತ್ತದೆ ಅನ್ನುವುದು ಹನುಮವ್ವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ತಾನು ಅವತ್ತು ಹೇಳಿದ 'ಚಲೋ ಐತಿ' ಅನ್ನುವ ಎರಡು ಮಾತೇ ಇವತ್ತು ಬಾಗಿಲಿಗೆ ಅಡ್ಡ ನಿಂತಿದೆ. ಅದನ್ನು ಸರಿಸಲು ತನ್ನ ಹೊರತು ಇನ್ನೊಬ್ಬರಿಲ್ಲ. ನೌಕರಿ ನೆನಪಾಯಿತು, ಗಂಡ ನೆನಪಾದ. ಅವಳು ಹೊಸ್ತಿಲ ಮೇಲೆ ಕುಕ್ಕರಿಸಿಬಿಟ್ಟಳು.

"ಯಾಡಿ, ಭೂರಿದು ನಾ ನೋಡಿಲ್ರಿ."

"ಏನ ನೋಡಿಲ್ಲ?"

"ಬಿ.ಪಿ. ಬಳಿ ಮ್ಯಾಲ ಪಟ್ಟಿ ಸುತ್ತಿದೆ, ಗಾಳಿ ಹೊಡದೆ. ಕಿವ್ಯಾಗ ಏನೂ ಕೇಳ್ಲಿಲ್ಲ. ಬಳಿ ತಗೀರಿ ಅನ್ನಾಕ ನನಗ ಧೈರ್ಯ ಸಾಲ್ಲಿಲ್ಲ. ಚಲೋ ಐತಿ ಅಂತ ಸುಳ್ಳ ಹೇಳಿದೆ, ಬುಕ್ಕಿನ್ಯಾಗೂ ಸುಳ್ಳ ಬರದೆ. ಅಕಿನ್ನ ಸಮುದ್ರ ಒಯ್ದಿಲ್ಲ, ಅಮಾಸಿ ಒಯ್ದಿಲ್ಲ. ನೀವೂ ಕೊಂದಿಲ್ರಿ. ಬಿ.ಪಿ. ಏರಿ ಸತ್ಲು. ಅಕಿಗೂ ಹಿಂಗs ಮುಖ ಬಾತಿತ್ತು, ಹಿಂಗs ಕನ್ನಡಿ ಹೊಳದಿತ್ತು. ಅವತ್ತ ನಾ ಖರೇ ನೋಡಿದ್ರ ಭೂರಿ ಬದುಕತಿದ್ಲೋ ಏನೋ."

ಧಾಮಿಬಾಯಿ ಹೊಡೆಯುತ್ತಾಳೆ ಎಂದು ಹನುಮವ್ವ ತಲೆ ತಗ್ಗಿಸಿ ಕಾದಳು. ಹೊಡೆದಿದ್ದರೆ ಹಗುರವಾಗುತ್ತಿತ್ತು. ಮುದುಕಿ ಹೊಡೆಯಲಿಲ್ಲ, ಬೈಯಲಿಲ್ಲ. ಗಂಟಿನ ಮೇಲೆ ಕೈಯೂರಿ ನಿಧಾನವಾಗಿ ಕೂತಳು. ಸೊಸೆಯ ಊದಿದ ಮುಖ ನೋಡಿದಳು.

"ಇಕಿದೂ ಹಂಗ ಐತೇನು?"

"ನೋಡಿದ್ರ ತಿಳೀತೈತಿ. ನೋಡಾಕ ತ್ವಾಳ ಬೇಕ್ರಿ."

ಧಾಮಿಬಾಯಿ ಎದ್ದು ಸಾಬೂನು ನೀರು ತಂದಳು. ತಾನೇ ಸೊಸೆಯ ಎಡ ತೋಳಿಗೆ ಹಚ್ಚಿ ಮೇಲಿನ ಬಳೆ ಎಳೆದಳು. ಬಾತ ತೋಳು ಬಿಡಲಿಲ್ಲ. ಎಣ್ಣೆ ಹಚ್ಚಿದರೂ ಬರಲಿಲ್ಲ. ಒಡೆಯುವುದೊಂದೇ ದಾರಿ ಎಂದಾಗ ಸೋನಿಬಾಯಿ ತೋಳನ್ನು ಎದೆಗವಚಿಕೊಂಡು, "ನನ್ನ ಗಂಡ ಜೀವಂತ ಅದಾನ, ಬ್ಯಾಡ್ರಿ, ಬ್ಯಾಡ್ರಿ," ಎಂದು ಅಳತೊಡಗಿದಳು. ಅವಳ ಅಳು ಹನುಮವ್ವ ಬೇಲಿಯಾಚೆ ನಿಂತು ಕೇಳಿದ್ದ ಅಳುವಿನಂತೆಯೇ ಇತ್ತು.

ಗೋಪಪ್ಪ ತನ್ನ ಕೆಲಸದ ಚೀಲದಿಂದ ಸರಳು ಕತ್ತರಿಸುವ ಹ್ಯಾಕ್ಸಾ ಬ್ಲೇಡು ತೆಗೆದ. ಹೆಂಡತಿಯ ಮುಂದೆ ಮಂಡಿಯೂರಿ ಕೂತ.

"ನಾ ಸತ್ರ ಬ್ಯಾರೇದವ್ರು ಬಂದು ತಗೀತಾರ," ಅಂದ. "ನಾ ಬದುಕೀನಿ. ನಾನs ತಗೀತೇನಿ. ಅದಕ್ಕ ಯಾರ ಏನಂತಾರ? ನನ್ನ ಮುಖಾ ನೋಡಕೋತ ಕುಂದ್ರು."

ಬಳೆಗೂ ಚರ್ಮಕ್ಕೂ ನಡುವೆ ತಗಡಿನ ಪಟ್ಟಿಯೊಂದನ್ನು ಧಾಮಿಬಾಯಿಯೇ ತೂರಿಸಿ ಹಿಡಿದಳು. ಗೋಪಪ್ಪ ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೊಯ್ದ. ಬಿಳಿ ಪುಡಿ ಸೋನಿಬಾಯಿಯ ಲಂಗದ ಮೇಲೆ ಉದುರಿತು. ಒಂದೊಂದು ಬಳೆ ಎರಡು ಹೋಳಾಗಿ ಬಿದ್ದಾಗಲೂ ಹುಡುಗಿ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಹೊರಬಂದ ತೋಳು ಬಿಸಿಲನ್ನೇ ಕಾಣದ ಬಣ್ಣದಲ್ಲಿತ್ತು, ಅದರ ತುಂಬ ಬಳೆ ಕೂತ ಗೆರೆಗಳಿದ್ದವು. ಹನುಮವ್ವ ಪಟ್ಟಿ ಸುತ್ತಿ, ಸ್ಟೆತೊಸ್ಕೋಪ್ ಇಟ್ಟು ಗಾಳಿ ತುಂಬಿದಳು. ನೂರೆಪ್ಪತ್ತರಲ್ಲಿ ಸದ್ದು ಶುರುವಾಯಿತು, ನೂರಾಹತ್ತರಲ್ಲಿ ನಿಂತಿತು. ಒಮ್ಮೆ ನೋಡಿದ್ದು ಸಾಲದೆಂದು ಎರಡನೆಯ ಸಲ ನೋಡಿದಳು. ಅಷ್ಟೇ ಇತ್ತು.

"ನನಗೂ ಕೇಳಸು," ಅಂದಳು ಧಾಮಿಬಾಯಿ.

ಹನುಮವ್ವ ಸ್ಟೆತೊಸ್ಕೋಪನ್ನು ಅವಳ ಕಿವಿಗೆ ಸಿಕ್ಕಿಸಿ ಮತ್ತೊಮ್ಮೆ ಗಾಳಿ ಬಿಟ್ಟಳು. ಮುದುಕಿ ಉಸಿರು ಹಿಡಿದು ಆ ಬಡಿತ ಕೇಳಿದಳು. ತೆಗೆದು ಕೈಗೆ ಕೊಡುತ್ತ, "ಭೂರಿದು ಹಿಂಗ ಕೇಳಿರಲಿಲ್ಲೇನು?" ಎಂದಳು.

"ಇಲ್ರಿ."

ಮುಂದೆ ಮಾತಾಡಲು ಹೊತ್ತಿರಲಿಲ್ಲ. ಗೋಪಪ್ಪ ಓಡಿ ಹೋಗಿ ಜೀಪು ತಂದ. ಸೋನಿಬಾಯಿಯನ್ನು ಎಡಮಗ್ಗುಲಿಗೆ ಮಲಗಿಸಿ, ಬೆಳಕು ಕಣ್ಣಿಗೆ ಬೀಳದಂತೆ ಕಿಟಕಿಗೆ ಸೀರೆ ಕಟ್ಟಿದರು. ಮಡಗಾಂವದ ದೊಡ್ಡ ದವಾಖಾನೆಯವರೆಗೆ ಹನುಮವ್ವ ಅವಳ ದವಡೆಯನ್ನೂ ಬೆರಳುಗಳನ್ನೂ ನೋಡುತ್ತಲೇ ಕೂತಳು. ಎಲ್ಲಾದರೂ ಸೆಟೆದುಕೊಂಡಾವೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟು ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ಎರಡು ದಿನದ ಮೇಲೆ ಆಪರೇಷನ್ ಮಾಡಿ ಕೂಸು ತೆಗೆದರು. ಹೆಣ್ಣು. ಅಂಗೈಯಷ್ಟು ಸಣ್ಣದು, ಬೆಕ್ಕಿನ ಮರಿಯ ಹಾಗೆ ದನಿ. ಆದರೆ ಹಟಮಾರಿ, ಬದುಕಿತು. ತಾಯಿಯೂ ಬದುಕಿದಳು.

ಆ ಬುಧವಾರ ಹನುಮವ್ವ ಡಾಕ್ಟರಬಾಯಿಯ ಮುಂದೆಯೂ ನಿಂತು ಎಲ್ಲ ಹೇಳಿದಳು. ಅವರು ಮೇಲಿನವರಿಗೆ ಬರೆದರು. ವಿಚಾರಣೆಯಾಗಿ ಅವಳ ಬಡ್ತಿ ನಿಂತಿತು, ನೌಕರಿ ಉಳಿಯಿತು. ಯಮನೂರಪ್ಪ ಒಂದು ವಾರ ಮಾತು ಬಿಟ್ಟ, ಆಮೇಲೆ ತಾನಾಗಿಯೇ ಚಹಾ ಮಾಡಿ ತಂದುಕೊಟ್ಟ.

ಆಮೇಲಿನ ವರ್ಷಗಳಲ್ಲಿ ಆ ಗುಡಿಸಲುಗಳ ಬಸುರಿಯರು ಉಪಕೇಂದ್ರಕ್ಕೆ ತಾವೇ ಬರುತ್ತಿದ್ದರು, ಧಾಮಿಬಾಯಿಯ ಬೆನ್ನ ಹಿಂದೆ ಸಾಲಾಗಿ. ಎಲ್ಲರ ಎಡ ತೋಳು ಬರಿದಾಗಿರುತ್ತಿತ್ತು. ಐದು ತುಂಬಿದ ಮೇಲೆ, ಇನ್ನೂ ಬಾವು ಬಾರದೆ ಬಳೆ ಸಲೀಸಾಗಿ ಜಾರುವಾಗಲೇ, ಎಡ ತೋಳಿನ ಬಳೆಗಳನ್ನು ಗಂಡನೇ ತನ್ನ ಕೈಯಾರೆ ತೆಗೆದು ಜೋಪಾನವಾಗಿ ಇಡಬೇಕು, ಹೆತ್ತ ಮೇಲೆ ಅವನೇ ತೊಡಿಸಬೇಕು ಎಂದು ಮುದುಕಿ ಹೊಸ ಕಟ್ಟು ಮಾಡಿದ್ದಳು. ಹನುಮವ್ವ ಪಟ್ಟಿ ಬಿಚ್ಚಿದ ಕೂಡಲೇ ಧಾಮಿಬಾಯಿ ಪ್ರತಿಸಲ, ತಪ್ಪದೆ ಕೇಳುತ್ತಿದ್ದಳು: "ಖರೇ ನೋಡಿದಿ?" ಹನುಮವ್ವ ಪ್ರತಿಸಲ, "ಖರೇ ನೋಡೇನ್ರಿ ಯಾಡಿ," ಅನ್ನುತ್ತಿದ್ದಳು. ನೋಡುವವರಿಗೆ ಅದು ಇಬ್ಬರು ಗೆಳತಿಯರ ಚೇಷ್ಟೆ ಅನ್ನಿಸುತ್ತಿತ್ತು.

ಚೇಷ್ಟೆಯಲ್ಲ ಎಂದು ಹನುಮವ್ವನಿಗೆ ಗೊತ್ತಿತ್ತು. ಹೊಸ ನರ್ಸುಗಳಿಗೆ ಈ ಕತೆ ಹೇಳುವಾಗ ಅವಳು ಕೂಸು ಬದುಕಿದ್ದಕ್ಕೆ ನಿಲ್ಲಿಸುತ್ತಿರಲಿಲ್ಲ. ಕೂಸು ಹುಟ್ಟಿ ಹದಿನೈದು ದಿನಕ್ಕೆ ನಡೆದದ್ದನ್ನು ಹೇಳಿಯೇ ಮುಗಿಸುತ್ತಿದ್ದಳು.

ಅವತ್ತು ಬೆಳಿಗ್ಗೆ ಉಪಕೇಂದ್ರದ ಬಾಗಿಲು ತೆರೆಯುವಷ್ಟರಲ್ಲಿ ಧಾಮಿಬಾಯಿ ಒಬ್ಬಳೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ.

"ಆ ಬುಕ್ ತಗಿ. ಭೂರಿ ಹೆಸರ ಎಲ್ಲಿ ಐತಿ ತೋರ್ಸು."

ಹನುಮವ್ವ ಕಪಾಟಿನ ಕೆಳಗಿನ ಸಾಲಿನಿಂದ ಎಂಬತ್ತೇಳರ ರಿಜಿಸ್ಟರ್ ಎಳೆದು ಧೂಳು ಒರೆಸಿದಳು. ಹುಡುಕಬೇಕಾಗಿರಲಿಲ್ಲ, ಪುಟ ತಾನಾಗಿ ತೆರೆದುಕೊಂಡಿತು. ನಾಲ್ಕು ವರ್ಷದಲ್ಲಿ ಅದನ್ನು ಎಷ್ಟು ಸಲ ತೆರೆದಿದ್ದಳೋ. ಹೆಸರಿನ ಕೆಳಗೆ ಬೆರಳಿಟ್ಟಳು. ಧಾಮಿಬಾಯಿ ಬಗ್ಗಿ, ತನಗೆ ಓದಲು ಬಾರದ ಮಗಳ ಹೆಸರನ್ನು ನೋಡಿದಳು.

"ಸುಳ್ಳ ಎಲ್ಲಿ ಐತಿ?"

ಹನುಮವ್ವ ಬೆರಳು ಸರಿಸಿ 120/80 ತೋರಿಸಿದಳು.

"ಅದನ್ನ ಹೊಡದ ಹಾಕು. ಖರೇ ಬರಿ."

ಹನುಮವ್ವ ಪೆನ್ನು ತೆಗೆದುಕೊಂಡಳು. ಅಂಕಿಯ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಕನ್ನಡದಲ್ಲಿ ಒಂದೇ ಒಂದು ಪದ ಬರೆದು, ಕೆಳಗೆ ತನ್ನ ಸಹಿ ಹಾಕಿದಳು.

"ಏನಂತ ಬರದಿ?"

"ನೋಡಿಲ್ಲ, ಅಂತ ಬರದೇನ್ರಿ."

ಧಾಮಿಬಾಯಿ ಆ ಪದದ ಮೇಲೆ ಹೆಬ್ಬೆರಳಿಟ್ಟಳು. ಶಾಯಿ ಇನ್ನೂ ಹಸಿ ಇತ್ತು, ಬೆರಳಿಗೆ ಅಂಟಿತು. ಕಣ್ಣೀರು ಗಲ್ಲದಿಂದ ಇಳಿದು ಪುಟದ ಮೇಲೆ ಬೀಳುತ್ತಿದ್ದರೂ ಅವಳು ಒರೆಸಿಕೊಳ್ಳಲಿಲ್ಲ.

"ನಾಕ ವರ್ಷ ನನ್ನ ಮಗಳನ್ನ ನಾನs ಕೊಂದೆ ಅಂತ ಒಂದ ತುತ್ತ ನೆಟ್ಟಗ ನುಂಗಿಲ್ಲ ನಾ," ಅಂದಳು. "ಇಷ್ಟ ಬರಿಯಾಕ ನಿನಗ ನಾಕ ವರ್ಷ ಬೇಕಾತೇನ, ಹನುಮವ್ವಾ?"